ಹೇರೋಹಳ್ಳಿಯ ಚಂದ್ರಲೋಕ

ಚಂದ್ರನ ಮೇಲೆ ಇಳಿಯಬೇಕಿದ್ದ ನೌಕೆಯ ಉಪಕರಣಗಳನ್ನು ಪರೀಕ್ಷಿಸಲು ಇಸ್ರೊ 2016ರಲ್ಲಿ ಚಳ್ಳಕೆರೆ ಬಳಿಯ ತನ್ನ ಜಾಗದಲ್ಲಿ ಕೃತಕ ಕುಳಿಗಳನ್ನು ತೋಡಿಸಿತ್ತು. ಉಪಕರಣ ಹೊತ್ತ ವಿಮಾನ ಅವುಗಳ ಮೇಲೆ ಹಾರಾಡಿತ್ತು. ದೇವಸಮುದ್ರ, ಮೊಳಕಾಲ್ಮೂರು ಕಡೆಯ ನಮಗೆ ಇದು ನೆರೆಯೂರಿನ ಸುದ್ದಿ. ಮೂರು ವರ್ಷದ ಮೇಲೆ, ಚಂದ್ರಯಾನ-2 ಇನ್ನೇನು ಇಳಿಯಬೇಕು ಎಂದು ದೇಶವೇ ಕಾಯುತ್ತಿದ್ದಾಗ, ಬೆಂಗಳೂರಿನ ಕಲಾವಿದರೊಬ್ಬರಿಗೂ ಚಂದ್ರನ ನೆಲ ಬೇಕಾಯಿತು. ಅವರು ಗುದ್ದಲಿ ಹಿಡಿಯಬೇಕಾಗಲಿಲ್ಲ. ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆ ಸಿದ್ಧವಾಗಿಯೇ ಇತ್ತು.

ಅವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನವರು, ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತವರು, ಜಾಹೀರಾತು ಸಂಸ್ಥೆಯಲ್ಲಿ ದುಡಿದವರು. ನೋಡುಗನ ಕಣ್ಣನ್ನು ಎರಡೇ ಕ್ಷಣದಲ್ಲಿ ಹಿಡಿದು ನಿಲ್ಲಿಸುವ ಜಾಹೀರಾತಿನ ಪಟ್ಟು ಅವರ ಕೆಲಸದಲ್ಲೆಲ್ಲ ಎದ್ದು ಕಾಣುತ್ತದೆ. ಮಾರುವ ಸರಕು ಮಾತ್ರ ಬೇರೆ.

ಆ ರಸ್ತೆಯಲ್ಲಿ ಅವರು ತೆಗೆದ ವಿಡಿಯೊ ಹೆಚ್ಚೆಂದರೆ ಒಂದು ನಿಮಿಷದ್ದು. ರಾತ್ರಿ ಹೊತ್ತು. ಬಿಳಿ ಉಡುಪು, ಶಿರಸ್ತ್ರಾಣ ತೊಟ್ಟ ಗಗನಯಾತ್ರಿ (ನಟ ಪೂರ್ಣಚಂದ್ರ ಮೈಸೂರು) ತೂಕವೇ ಇಲ್ಲದವನ ಹಾಗೆ ಮೆಲ್ಲಗೆ ಹೆಜ್ಜೆ ಎತ್ತಿ ಇಡುತ್ತಾನೆ. ಸುತ್ತ ಕತ್ತಲು, ಕೆಳಗೆ ನೆರಳು ತುಂಬಿದ ಕುಳಿಗಳು. ಅಷ್ಟರಲ್ಲಿ ಪಕ್ಕದಲ್ಲೇ ಆಟೊ ಒಂದು ಕುಲುಕಾಡುತ್ತಾ ಹಾದುಹೋಗುತ್ತದೆ! ಇಡೀ ಕಥೆ ಇರುವುದು ಆ ಆಟೊದಲ್ಲಿ. ಅದು ಬರುವವರೆಗೆ ನಾವು ಚಂದ್ರನ ಮೇಲಿರುತ್ತೇವೆ, ಬಂದ ಮೇಲೆ ನಮ್ಮ ಬೀದಿಯಲ್ಲಿ. 2019ರ ಸೆಪ್ಟೆಂಬರ್ ಮೊದಲ ವಾರ ಇದು ಫೋನಿನಿಂದ ಫೋನಿಗೆ ಹಾರಿ ದೇಶ ದಾಟಿತು. ಬಿಬಿಎಂಪಿ ಬೆನ್ನಿಗೇ ರಸ್ತೆ ದುರಸ್ತಿಗೆ ಇಳಿಯಿತು.

ಇದಕ್ಕೂ ಮೊದಲು, 2015ರ ಜೂನ್‌ನಲ್ಲಿ, ಸುಲ್ತಾನ್‌ಪಾಳ್ಯದ ದೊಡ್ಡ ಗುಂಡಿಯೊಂದಕ್ಕೆ ಬಾದಲ್ ಮೊಸಳೆ ಬಿಟ್ಟಿದ್ದರು. ಫೈಬರಿನದು, ನಿಜವಾದ ಮೊಸಳೆಯಷ್ಟೇ ಗಾತ್ರದ್ದು. ಸುತ್ತ ಬಣ್ಣ ಬಳಿದು ಕೊಳದ ಕಳೆ ತಂದಿದ್ದರು. ಆ ಗುಂಡಿಯೂ ಬೇಗನೆ ಮುಚ್ಚಿತು. ಬಾಯ್ದೆರೆದ ಮ್ಯಾನ್‌ಹೋಲ್ ಸುತ್ತ ಯಮನ ಮುಖ ಬರೆದದ್ದೂ ಇವರೇ. 2017ರ ಮತ್ಸ್ಯಕನ್ಯೆ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ: ನೀರು ನಿಂತ ಗುಂಡಿಯಲ್ಲಿ ನಟಿ ಸೋನು ಗೌಡ ಕೂತಿದ್ದರೆ ಗುಂಡಿಯನ್ನು ನೋಡುವವರಾರು?

ಗ್ಯಾಲರಿಯ ಕಲಾವಿದರು ತಮ್ಮ ಕೃತಿ ಉಳಿಯಲಿ ಎಂದು ಬಯಸುತ್ತಾರೆ. ಇಲ್ಲಿ ಕೃತಿ ಅಳಿಸಿಹೋದರೇ ಗೆಲುವು. ಜಲ್ಲಿ, ಡಾಂಬರು ಬಿದ್ದು ನೆಲ ಮಟ್ಟವಾದ ಮೇಲೆ ಉಳಿಯುವುದು ಫೋಟೊ, ವಿಡಿಯೊ ಅಷ್ಟೇ. ಬೈಗುಳವಿಲ್ಲ, ಧಿಕ್ಕಾರವಿಲ್ಲ, ಮನವಿ ಪತ್ರವೂ ಇಲ್ಲ. ಅಧಿಕಾರಿಗೆ ಸಿಟ್ಟು ಮಾಡಿಕೊಳ್ಳಲು ಎಡೆ ಸಿಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಊರೆಲ್ಲ ನಗುತ್ತಿರುತ್ತದೆ.

ಆದರೆ ಈ ಉಪಾಯ ಎಲ್ಲ ಕಡೆ ನಡೆದೀತೇ ಎಂಬ ಅನುಮಾನ ನನಗಿದೆ. ಬೆಂಗಳೂರಿನ ಗುಂಡಿಗೆ ಮೊಸಳೆ ಬಂದರೆ ಟೀವಿ ಕ್ಯಾಮೆರಾಗಳೂ ಬರುತ್ತವೆ. ನಮ್ಮ ಹೋಬಳಿಯ ರಸ್ತೆಯೊಂದು ಕಿತ್ತುಹೋದರೆ, ಅದರಲ್ಲಿ ಗಗನಯಾತ್ರಿಯನ್ನು ನಡೆಸಿದರೆ, ಮೊದಲು ನೋಡುವವರು ಕುರಿ ಹೊಡೆದುಕೊಂಡು ಹೋಗುವವರು. ಅವರ ಜೇಬಿನಲ್ಲೂ ಈಗ ಫೋನಿದೆ, ನಿಜ. ಅವರು ಕಳಿಸಿದ ವಿಡಿಯೊ ಜಿಲ್ಲಾ ಪಂಚಾಯಿತಿಯ ಎಂಜಿನಿಯರರ ಫೋನಿಗೆ ತಲುಪಲು ನಡುವೆ ಇನ್ನೆಷ್ಟು ಜನ ನಗಬೇಕೋ.