ರಾಯದುರ್ಗದ ಬಡಗಿಯ ಅಳತೆ ಪುಸ್ತಕ

ರಾಯದುರ್ಗಕ್ಕೆ ಹೋದವರು ಬೆಟ್ಟದ ಮೇಲಿನ ಕೋಟೆಯನ್ನೂ ಈಚೆಗೆ ಊರಿಗೆ ಹೆಸರು ತಂದ ಜೀನ್ಸ್ ಹೊಲಿಗೆಯನ್ನೂ ನೋಡಿ ಬರುತ್ತಾರೆ. ನಾವು ಹೊಕ್ಕದ್ದು ಒಬ್ಬ ಬಡಗಿಯ ಅಂಗಡಿಯನ್ನು. ಮುಂದುಗಡೆ ದೇವರ ಪಟ, ಮದುವೆ ಫೋಟೋಗಳಿಗೆ ಕಟ್ಟು ಹಾಕುವ ಮೇಜು. ಹಿಂದುಗಡೆ ಬಾಗಿಲು, ಕಿಟಕಿಗಳ ಕೆಲಸ. ಹೇಳಿ ಮಾಡಿಸಿದ್ದನ್ನು ಬಿಟ್ಟರೆ ಸಿದ್ಧ ಮಾಲು ಅಲ್ಲಿಲ್ಲ.

"ವಾಸಕಾಲು ಯಾವ ಅಳತೇದು ಬೇಕು ಸ್ವಾಮಿ?" ಎಂದರು ಯಜಮಾನರು, ಕನ್ನಡದಲ್ಲೇ. ನಾವು ಅದನ್ನು ದಾರಂದ ಎನ್ನುತ್ತೇವೆಂದಾಗ ಒಳಗಿದ್ದ ಮಗ ನಕ್ಕ. ತೆಲುಗಿನಲ್ಲಿ ಅದು ದ್ವಾರಬಂಧಂ! ನಮ್ಮ ಮಾತೂ ಅಲ್ಲಿಂದಲೇ ಸವೆದು ಬಂದದ್ದು ತಾನೆ?

ಬೇರೆ ನಂಟೂ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಅನಂತಪುರಕ್ಕೆ ಸೇರಿತು. ಕಾಸರಗೋಡಿನವರಾದ ನಮ್ಮ ಸರದಿ ಬಂದದ್ದು ಮೂರು ವರ್ಷಗಳ ಅನಂತರ.

ಮರ ಮಾತ್ರ ನಮ್ಮದಲ್ಲ. ನಮ್ಮಲ್ಲಿ ಹಲಸು, ತೇಗ. ಅಲ್ಲಿ ಬೇವು, ಜಾಲಿ, ಕಮರ. ಕಮರವೆಂದರೆ ನೀರಿನಲ್ಲಿ ಮುಳುಗುವಷ್ಟು ಭಾರ, ಉಳಿಯ ಬಾಯಿಯೇ ಮೊಂಡಾಗುವಷ್ಟು ಗಟ್ಟಿ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ನಾಡದು. ನಮ್ಮ ಬಾಗಿಲುಗಳು ಆಟಿಯಲ್ಲಿ ಉಬ್ಬಿ ಹಾಕಲು ಬಾರದಿದ್ದರೆ ಅಲ್ಲಿಯವು ಬೇಸಗೆಯಲ್ಲಿ ಕುಗ್ಗಿ ಸಂದು ಬಿಡುತ್ತವೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ಆದ್ದರಿಂದ ಬಾಗಿಲಿನ ನಡುಹಲಗೆಗೆ ಮೊಳೆಯನ್ನಾಗಲಿ ಅಂಟನ್ನಾಗಲಿ ಹಾಕದೆ ಚೌಕಟ್ಟಿನ ಸೀಳಿನಲ್ಲಿ ಸಡಿಲವಾಗಿ ಕೂರಿಸುತ್ತಾರೆ. ಹಲಗೆ ಉಸಿರಾಡಲಿ ಎಂದು ಯಜಮಾನರ ವಿವರಣೆ. ಪಟದ ಕಟ್ಟಿನದು ಬೇರೆ ಕಷ್ಟ: ಮೂಲೆಗಳನ್ನು 45 ಡಿಗ್ರಿ ಓರೆಗೆ ಕೊಯ್ಯುವಾಗ ಕೂದಲೆಳೆ ತಪ್ಪಿದರೂ ನಾಲ್ಕನೆಯ ಮೂಲೆ ಬಾಯಿ ಬಿಡುತ್ತದೆ.

ಗೂಡಿನಿಂದ ಅವರು ತಮ್ಮ ತಂದೆಯ ಅಳತೆ ಪುಸ್ತಕ ತೆಗೆದರು. ಯಾರ ಮನೆಗೆ ಯಾವ ಬಾಗಿಲು, ಎಷ್ಟು ಉದ್ದಗಲ, ಯಾವ ಆಯ, ಎಲ್ಲ ಅದರಲ್ಲಿದೆ. ಅಳತೆಯ ಲೆಕ್ಕವನ್ನು ಎಂಟರಿಂದ ಭಾಗಿಸಿ ಉಳಿದದ್ದು ಆಯ: 1 ಧ್ವಜ, 3 ಸಿಂಹ, 5 ವೃಷಭ, 7 ಗಜ. ಬೆಸ ಶುಭ, ಸಮ ಕೂಡದು. ನಂಬುವವರಿಗೂ ನಂಬದವರಿಗೂ ಬಡಗಿ ಲೆಕ್ಕ ಹಾಕಿಯೇ ಕೊಡುತ್ತಾನೆ.

ಪುಸ್ತಕವಿಡೀ ಕನ್ನಡ, ಅಂಕಿಗಳೂ ಕನ್ನಡದವು. ಮಗ ಓದಿದ್ದು ತೆಲುಗು ಮಾಧ್ಯಮದಲ್ಲಿ. ಲಿಪಿಗಳು ಅಕ್ಕತಂಗಿಯರಂತಿರುವುದರಿಂದ ಅಕ್ಷರಗಳನ್ನು ಅಂದಾಜಿನಲ್ಲಿ ಓದಬಲ್ಲ, ಅಂಕಿಗಳಲ್ಲಿ ಎಡವುತ್ತಾನೆ. ಒಮ್ಮೆ ೯ನ್ನು ೬ ಎಂದು ಓದಿ ಒಳ್ಳೆಯ ತೇಗದ ಹಲಗೆಯನ್ನು ಮೂರು ಅಂಗುಲ ಕಿರಿದಾಗಿ ಕೊಯ್ದನಂತೆ. ಅದನ್ನು ಹೇಳುವಾಗ ತಂದೆಗೆ ಇನ್ನೂ ಸಿಟ್ಟು.

ಕೇಂದ್ರ ಸರಕಾರ 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ಸಲಕರಣೆಗೆಂದು 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಸಾಲ ಇವೆ. ಮಗನ ಕಣ್ಣು ಅದರ ಮೇಲಿದೆ. ಪುಸ್ತಕ ಓದಿಸಲು ಯಾವ ಯೋಜನೆಯೂ ಇಲ್ಲ.

ಆದರೆ ಸೊಸೆ ಮಡಕಶಿರಾ ಕಡೆಯವರು. ಮೂರು ಸುತ್ತ ಕರ್ನಾಟಕವಿರುವ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಆ ಸೀಮೆಯಲ್ಲಿ ಆಕೆ ಕನ್ನಡ ಶಾಲೆಗೆ ಹೋದವರು. ರಾತ್ರಿ ಊಟವಾದ ಮೇಲೆ ಆಕೆ ಓದುತ್ತಾರೆ. ಗಂಡ ತೆಲುಗು ಅಕ್ಷರಗಳಲ್ಲಿ ವಾಸಕಾಲು, ಹೊಸ್ತಿಲು ಎಂದು ಬರೆದುಕೊಳ್ಳುತ್ತಾನೆ. ಅರ್ಧ ಪುಸ್ತಕ ಮುಗಿದಿದೆ. ೬ ಬಂದಾಗಲೆಲ್ಲ ಆಕೆ ಎರಡು ಸಲ ಹೇಳುತ್ತಾರಂತೆ.