ನಡುನೋಟದ ಮಸುಕು

ವೃದ್ಧರಲ್ಲಿ ಕೆಲವರು ಎದುರಿಗೆ ನಿಂತವರ ಮುಖವನ್ನು ಗುರುತಿಸಲಾರರು. ಆದರೆ ಮಗ್ಗುಲಲ್ಲಿ ಹಾದುಹೋದ ಬೆಕ್ಕನ್ನು ಕಾಣಬಲ್ಲರು. ಪುಸ್ತಕ ತೆರೆದರೆ ಪುಟದ ಅಂಚು ಕಾಣುತ್ತದೆ, ಓದಬೇಕೆಂದು ದೃಷ್ಟಿಯಿಟ್ಟ ಪದ ಮಾತ್ರ ಮಸುಕಾಗುತ್ತದೆ. ಓದಿಯೇ ಬಾಳಿದ ನನ್ನಂಥ ಉಪಾಧ್ಯಾಯನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಇನ್ನಾವುದಿದೆ! ಇದು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದ ಪೊರೆಯಲ್ಲ. ಕಣ್ಣಿನ ಹಿಂಬದಿಯಲ್ಲಿರುವ ಅಕ್ಷಿಪಟಲದ ನಡುಭಾಗವೇ ಇಲ್ಲಿ ಕೆಡುತ್ತದೆ. ಆ ಪುಟ್ಟ ತಾಣಕ್ಕೆ ಮ್ಯಾಕ್ಯುಲಾ ಎಂದು ಹೆಸರು.

ಇಂಥ ಕಣ್ಣುಗಳಲ್ಲಿ ಡ್ರೂಸೆನ್ ಎಂಬ ಹಳದಿ ಚುಕ್ಕೆಗಳನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಿಂದಲೇ ಬಲ್ಲರು. ರೋಗವು ಕೆಲವು ಮನೆತನಗಳಲ್ಲಿ ಮರುಕಳಿಸುವುದನ್ನೂ ಅವರು ಗಮನಿಸಿದ್ದರು. ಆದರೆ ಇದರ ಎಳೆಯನ್ನು 2005ರಲ್ಲಿ ಹಿಡಿದವರಲ್ಲಿ ಒಬ್ಬರಾದ ರಾಬರ್ಟ್ ಕ್ಲೈನ್ ನೇತ್ರವೈದ್ಯರಲ್ಲ. ಗಣಕಯಂತ್ರದ ಮುಂದೆ ಕುಳಿತ ಸಂಶೋಧಕರು.

ಅವರದು ಜೈವಿಕ ಮಾಹಿತಿ ವಿಜ್ಞಾನ, ಎಂದರೆ ಡಿ.ಎನ್.ಎ.ಯಲ್ಲಿ ಅಡಗಿರುವ ಬರಹವನ್ನು ಗಣಿತದ ನೆರವಿನಿಂದ ಓದುವ ಶಾಸ್ತ್ರ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಾನ್ ಎಡ್ಡಿಯವರ ಬಳಿ ಅವರು ಆರ್.ಎನ್.ಎ. ಕುರಿತು ಸಂಶೋಧನೆ ನಡೆಸಿದರು. ಅದರಲ್ಲಿ ಕಣ್ಣಿನ ಗೊಡವೆಯೇ ಇರಲಿಲ್ಲ. ಅನಂತರ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯವನ್ನು ಸೇರಿ, ಯೇಲ್ ವಿಶ್ವವಿದ್ಯಾಲಯದ ಜೋಸೆಫಿನ್ ಹೋ ಅವರ ಮುಂದಾಳುತನದ ಈ ಕಾರ್ಯದಲ್ಲಿ ತೊಡಗಿದರು.

ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ದೀರ್ಘ ಅಧ್ಯಯನವೊಂದರಲ್ಲಿ ವೃದ್ಧರು ಅನೇಕರು ವರ್ಷಗಟ್ಟಲೆ ಕಣ್ಣಿನ ಪರೀಕ್ಷೆಗೆ ಒಳಗಾಗಿದ್ದರು. ಅವರಲ್ಲಿ 96 ಮಂದಿ ರೋಗಿಗಳನ್ನೂ ರೋಗವಿಲ್ಲದ 50 ಮಂದಿಯನ್ನೂ ಆರಿಸಲಾಯಿತು. ಡಿ.ಎನ್.ಎ.ಯಲ್ಲಿ ಮನುಷ್ಯರಿಂದ ಮನುಷ್ಯರಿಗೆ ಒಂದಕ್ಷರ ಬೇರೆಯಾಗಬಹುದಾದ ತಾಣಗಳು ಹಲವಿವೆ. ಅಂಥ ಒಂದು ಲಕ್ಷಕ್ಕೂ ಮಿಕ್ಕ ತಾಣಗಳನ್ನು ಈ ಎರಡು ಗುಂಪುಗಳಲ್ಲಿ ಹೋಲಿಸಿದರು. ತೊಡಕು ಇರುವುದು ಇಲ್ಲಿಯೇ. ನೂರಕ್ಕೆ ಐದು ಸಲ ಆಕಸ್ಮಿಕವಿರಬಹುದೆಂಬ ವಾಡಿಕೆಯ ಅಳತೆಗೋಲನ್ನು ಹಿಡಿದರೆ, ಲಕ್ಷ ತಾಣಗಳಲ್ಲಿ ಐದು ಸಾವಿರ ಸುಳ್ಳು ಸಾಕ್ಷಿಗಳು ಎದ್ದು ನಿಲ್ಲುತ್ತವೆ! ಆದುದರಿಂದ ಅಳತೆಗೋಲನ್ನು ಲಕ್ಷ ಪಟ್ಟು ಬಿಗಿಗೊಳಿಸಬೇಕಾಯಿತು. ಈ ಜರಡಿಯಲ್ಲಿ ಸೋಸಿದ ಮೇಲೆ ಸಾಕ್ಷಿ ಬೊಟ್ಟುಮಾಡಿದುದು ಒಂದನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನತ್ತ.

ಆ ಜೀನು ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನಿನದು. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ರೋಗಾಣುಗಳ ಮೇಲೆ ಬೀಳುವ ಕಾವಲು ಪಡೆಯಾದರೆ, ಫ್ಯಾಕ್ಟರ್ ಎಚ್ ಆ ಪಡೆಗೆ ಹಾಕಿದ ಕಡಿವಾಣ. ಜೀನಿನಲ್ಲಿ ಒಂದಕ್ಷರ ಬದಲಾದರೆ ಪ್ರೋಟೀನಿನ 402ನೆಯ ಸ್ಥಾನದಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲದ ಬದಲು ಹಿಸ್ಟಿಡಿನ್ ಬಂದು ಕೂರುತ್ತದೆ. ಕಡಿವಾಣ ಸಡಿಲವಾಗಿ, ಪಡೆಯು ತನ್ನ ಮನೆಯವರನ್ನೇ ಹೊಡೆಯತೊಡಗುತ್ತದೆಂದು ವಿಜ್ಞಾನಿಗಳ ಊಹೆ. ತಂದೆತಾಯಿಗಳಿಬ್ಬರಿಂದಲೂ ರೋಗದತ್ತ ಒಲಿದ ಜೀನನ್ನೇ ಪಡೆದವರಲ್ಲಿ ಅಪಾಯ ಏಳು ಪಟ್ಟಿಗೂ ಹೆಚ್ಚೆಂದು ಈ ತಂಡ ಲೆಕ್ಕಹಾಕಿತು. ಹಾಗೆಂದು ಅವರೆಲ್ಲರಿಗೂ ರೋಗ ಬಂದೇ ಬರುತ್ತದೆಂದಲ್ಲ. ವಯಸ್ಸಿಗೂ ಧೂಮಪಾನಕ್ಕೂ ಇದರಲ್ಲಿ ಪಾಲುಂಟು.

ಕೇವಲ 146 ಮಂದಿಯಿಂದ ಇಷ್ಟು ದೊಡ್ಡ ಮಾತನ್ನು ಆಡಬಹುದೆ ಎಂದು ಯಾರಾದರೂ ಕೇಳಬೇಕಾದುದೇ. ಆದರೆ ಈ ಪ್ರಬಂಧ ಅಚ್ಚಾದ 2005ರ ಏಪ್ರಿಲ್ 15ರ 'ಸೈನ್ಸ್' ಸಂಚಿಕೆಯಲ್ಲಿಯೇ ಇನ್ನೆರಡು ತಂಡಗಳು ಬೇರೆ ದಾರಿಗಳಿಂದ ಅದೇ ಜೀನಿಗೆ ಬಂದು ಮುಟ್ಟಿದ್ದವು.

ಕಾಂಪ್ಲಿಮೆಂಟನ್ನು ಹತ್ತಿಕ್ಕುವ ಎರಡು ಔಷಧಗಳಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಅವನ್ನು ಸೂಜಿಯಿಂದ ಕಣ್ಣಿನೊಳಕ್ಕೇ ಕೊಡಬೇಕು. ಈ ರೋಗದ ಮುಂದುವರಿದ ಒಂದು ಬಗೆಯಲ್ಲಿ ಅವು ಕೇಡಿನ ವೇಗವನ್ನು ತಗ್ಗಿಸುತ್ತವೆ. ಮಸುಕಾದ ಪದವನ್ನು ಮತ್ತೆ ಕಾಣಿಸಲಾರವು.