ನಡದಿಂದ ಕಾಲಿಗಿಳಿಯುವ ನೋವು: ಶಸ್ತ್ರಚಿಕಿತ್ಸೆ ಯಾವಾಗ, ಕಾಯುವುದು ಯಾವಾಗ?

ರಾಮಥಾಳ: ಬೃಹತ್ ಹನಿ ನೀರಾವರಿ ಯೋಜನೆಯಿಂದಾಗಿ ಹುನಗುಂದ ತಾಲ್ಲೂಕಿನ ಈ ಗ್ರಾಮದ ಹೆಸರು ರಾಜ್ಯಕ್ಕೆಲ್ಲ ಪರಿಚಿತ. ಸುಮಾರು 24 ಸಾವಿರ ಹೆಕ್ಟೇರ್ ಕರಿಮಣ್ಣಿನ ಹೊಲಗಳಿಗೆ ಕೃಷ್ಣೆಯ ನೀರನ್ನು ಕೊಳವೆಗಳಲ್ಲಿ ಒಯ್ಯುವುದು ಆ ಯೋಜನೆಯ ಉದ್ದೇಶ. ಕೊಳವೆ ನೀರನ್ನು ತರಬಹುದು. ಬಗ್ಗಿ ಕಳೆ ತೆಗೆಯುವ, ಜೋಳ ಕೊಯ್ಯುವ, ಚೀಲ ಹೊರುವ ಕೆಲಸ ಮಾತ್ರ ನಡದ ಮೇಲೆಯೇ ಬೀಳುತ್ತದೆ. ಸಮೀಪದ ಇಳಕಲ್ಲಿನಲ್ಲಿ ನೆಲದ ಕುಣಿಗೆ ಕಾಲಿಳಿಬಿಟ್ಟು ದಿನವಿಡೀ ಸೀರೆ ನೇಯುವವರಿದ್ದಾರೆ, ಗ್ರಾನೈಟ್ ಕಲ್ಲಿನೊಡನೆ ಸೆಣಸುವ ಕಾರ್ಮಿಕರಿದ್ದಾರೆ. ಇಂತಹ ಮನೆಗಳಲ್ಲಿ ದುಡಿಯುವವನಿಗೆ ‘ನಡ ಹಿಡಿಯಿತು’ ಎಂದರೆ ಅದು ದೇಹದ ಪ್ರಶ್ನೆಯಷ್ಟೇ ಅಲ್ಲ, ಒಲೆಯ ಪ್ರಶ್ನೆಯೂ ಹೌದು. ಎಂ.ಆರ್.ಐ. ಮಾಡಿಸಿದ ಮೇಲೆ ‘ನರ ಒತ್ತಿದೆ, ಆಪರೇಷನ್ ಆಗಬೇಕು’ ಎಂಬ ಮಾತು ಬಂದರಂತೂ ಮನೆಮಂದಿಯೆಲ್ಲ ದಿಕ್ಕು ತೋಚದಂತಾಗುತ್ತಾರೆ.

ನರ ಒತ್ತುವುದೆಂದರೇನು? ಬೆನ್ನುಮೂಳೆಯ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆದುವಾದ ತಿರುಳು. ಹೊರಸುತ್ತು ಸೀಳಿದಾಗ ತಿರುಳು ಹೊರಚಾಚಿ ಪಕ್ಕದಲ್ಲಿ ಹಾದುಹೋಗುವ ನರದ ಬೇರನ್ನು ಒತ್ತುತ್ತದೆ, ಅದರ ರಸಾಯನಗಳಿಂದ ನರ ಕೆರಳುತ್ತದೆ. ಸೊಂಟದ ಬಹುಪಾಲು ಪ್ರಕರಣಗಳಲ್ಲಿ ತೊಂದರೆ ಕೊನೆಯ ಎರಡು ಡಿಸ್ಕ್‌ಗಳಲ್ಲಿಯೇ. ಆದ್ದರಿಂದಲೇ ನೋವು ನಡದಲ್ಲಿ ನಿಲ್ಲದೆ ಪೃಷ್ಠ, ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಸಿಡಿಲಿನಂತೆ ಇಳಿಯುತ್ತದೆ. ವೈದ್ಯರು ಇದನ್ನು ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದಲ್ಲಿ ಗೃಧ್ರಸಿ ಎಂಬ ಹೆಸರಿದೆ. ಕೆಮ್ಮಿದಾಗ, ಸೀನಿದಾಗ ನೋವು ಹೆಚ್ಚುವುದುಂಟು. ವಯಸ್ಸಾದವರಲ್ಲಿ ಮೂಳೆ ಬೆಳೆದು ನರದ ದಾರಿಯೇ ಕಿರಿದಾಗುವುದು ಬೇರೆ ಬಗೆಯದು. ಅಂಥವರಿಗೆ ನಡೆದಾಗ ಕಾಲು ಜಗ್ಗುತ್ತದೆ. ಕುಳಿತರೆ, ಮುಂದೆ ಬಾಗಿದರೆ ಹಿತವೆನಿಸುತ್ತದೆ.

ಇಲ್ಲಿ ಜನರಿಗೆ ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ. ಹೊರಚಾಚಿದ ಡಿಸ್ಕ್ ತಾನಾಗಿ ಕುಗ್ಗಬಲ್ಲದು. ದೇಹದ ರಕ್ಷಣಾ ವ್ಯವಸ್ಥೆ ಆ ತುಣುಕನ್ನು ಪರಕೀಯವೆಂದು ಬಗೆದು ನಿಧಾನವಾಗಿ ಕರಗಿಸುತ್ತದೆ. ನೋಡಿದರೆ ಹೆದರಿಕೆ ಹುಟ್ಟಿಸುವ ದೊಡ್ಡ ತುಣುಕುಗಳೇ ಅನೇಕ ವೇಳೆ ಹೆಚ್ಚು ಕರಗುತ್ತವೆ. ಬಹುತೇಕ ರೋಗಿಗಳಲ್ಲಿ 6ರಿಂದ 12 ವಾರಗಳೊಳಗೆ ನೋವು ಗಮನಾರ್ಹವಾಗಿ ತಗ್ಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಎಂ.ಆರ್.ಐ. ಚಿತ್ರ ಸುಳ್ಳು ಹೇಳುತ್ತದೆಯೇ? ಸುಳ್ಳಲ್ಲ, ಆದರೆ ಅದು ಎಲ್ಲವನ್ನೂ ಹೇಳುವುದಿಲ್ಲ. ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಆಧರಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 20ರ ವಯಸ್ಸಿನವರಲ್ಲಿ ಶೇ. 30ರಷ್ಟು ಹಾಗೂ 80ರ ವಯಸ್ಸಿನವರಲ್ಲಿ ಶೇ. 84ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡುಬಂದಿತ್ತು. ಆದ್ದರಿಂದ ಚಿತ್ರದಲ್ಲಿ ಕಂಡ ಉಬ್ಬು ಮತ್ತು ಕಾಲಿನ ನೋವಿನ ದಾರಿ ಪರಸ್ಪರ ತಾಳೆಯಾಗಲೇಬೇಕು. ನೋವು ಪಾದದ ಮೇಲ್ಭಾಗ, ಹೆಬ್ಬೆರಳಿಗೆ ಹೋಗಿ, ಹಿಮ್ಮಡಿಯ ಮೇಲೆ ನಡೆಯಲು ಕಷ್ಟವಾದರೆ ಐದನೆಯ ಸೊಂಟದ ನರವನ್ನು ಶಂಕಿಸಬೇಕು. ಕಿರುಬೆರಳಿನ ಕಡೆಗೆ ಹೋಗಿ, ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ಅದರ ಕೆಳಗಿನ ನರವನ್ನು. ರೋಗಿಯನ್ನು ಮಲಗಿಸಿ ಕಾಲೆತ್ತಿ ನೋಡದೆ, ಬರಿಯ ಫಿಲ್ಮ್ ಹಿಡಿದು ನೀಡುವ ಸಲಹೆಯನ್ನು ಇನ್ನೊಬ್ಬ ತಜ್ಞರ ಬಳಿ ಪರಿಶೀಲಿಸಿಕೊಳ್ಳುವುದು ಒಳಿತು.

ಆದರೆ ಕಾಯಲೇಬಾರದ ಸಂದರ್ಭವೂ ಇದೆ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಸೋರುವುದು, ಮಲದ ಮೇಲಿನ ಹತೋಟಿ ತಪ್ಪುವುದು, ಗುಪ್ತಾಂಗ ಹಾಗೂ ಗುದದ ಸುತ್ತ ಸ್ಪರ್ಶಜ್ಞಾನ ಕುಂದುವುದು, ಎರಡೂ ಕಾಲುಗಳ ಬಲ ಇಳಿಯುವುದು – ಇವು ನರಗಳ ಗೊಂಚಲೇ ಅದುಮಿ ಹೋಗಿರುವುದರ ಸೂಚನೆಗಳು. ಇಲ್ಲಿ ಲೆಕ್ಕ ವಾರಗಳದ್ದಲ್ಲ, ಗಂಟೆಗಳದ್ದು. ಆ ರಾತ್ರಿಯೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆ ಸೇರದಿದ್ದರೆ ಆಮೇಲೆ ನೋವು ಹೋದರೂ ಮೂತ್ರದ ಹತೋಟಿ ಮರಳದೆ ಹೋಗಬಹುದು. ನಾಚಿಕೆಯಿಂದ ಈ ಲಕ್ಷಣಗಳನ್ನು ಮುಚ್ಚಿಡುವವರು, ಮುಖ್ಯವಾಗಿ ಹೆಣ್ಣುಮಕ್ಕಳು, ಬೆಲೆ ತೆರುತ್ತಾರೆ. ಪಾದ ಜೋತುಬಿದ್ದು ದಿನೇ ದಿನೇ ಬಲ ಕುಂದುತ್ತಿದ್ದರೂ ತಡ ಸಲ್ಲದು. ನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದಲ್ಲಿ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆಯನ್ನೂ ಪರೀಕ್ಷಿಸಬೇಕಾಗುತ್ತದೆ.

ಈ ಯಾವ ಲಕ್ಷಣವೂ ಇಲ್ಲದವರು ಮೊದಲ ಆರು ವಾರ ಏನು ಮಾಡಬೇಕು? ಹಾಸಿಗೆ ಹಿಡಿದು ಮಲಗುವುದು ಹಳೆಯ ಸಲಹೆ. ಅದರಿಂದ ಸ್ನಾಯು ಸೊರಗುತ್ತದೆಯೇ ಹೊರತು ನರಕ್ಕೆ ಲಾಭವಿಲ್ಲ. ತಾಳಿಕೊಳ್ಳಬಹುದಾದಷ್ಟು ನಡೆದಾಡುತ್ತ, ಭಾರ ಎತ್ತುವುದನ್ನೂ ಬಗ್ಗುವುದನ್ನೂ ಟ್ರ್ಯಾಕ್ಟರ್ ಮೇಲಿನ ಕುಲುಕಾಟವನ್ನೂ ಬಿಟ್ಟಿರಬೇಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ನರದ ನೋವಿಗೆಂದು ಧಾರಾಳವಾಗಿ ಬರೆಯುವ ಪ್ರಿಗಾಬಲಿನ್ ಸಯಾಟಿಕಾದಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಉಪಶಮನ ನೀಡಲಿಲ್ಲವೆಂದು 2017ರ ಅಧ್ಯಯನವೊಂದು ತೋರಿಸಿದೆ. ನೋವು ಸ್ವಲ್ಪ ಇಳಿದ ಮೇಲೆ ಫಿಜಿಯೋಥೆರಪಿ ಉಪಯುಕ್ತ. ಕಾಲು ಮುಂದಾಗಿ ಹುಟ್ಟಿದವರಿಂದ ನಡ ತುಳಿಸಿಕೊಳ್ಳುವ ರೂಢಿಯನ್ನಂತೂ ಕೈಬಿಡಬೇಕು. ಸೀಳಿದ ಡಿಸ್ಕ್‌ನ ಮೇಲೆ ಬೀಳುವ ತುಳಿತ ಉಳಿದ ತಿರುಳನ್ನೂ ಹೊರತಳ್ಳಬಹುದು.

ನರದ ಬೇರಿನ ಬಳಿ ನೀಡುವ ಸ್ಟೀರಾಯ್ಡ್ ಚುಚ್ಚುಮದ್ದು ಮಧ್ಯದ ಮೆಟ್ಟಿಲು. ಕೆಲವರಿಗೆ ಕೆಲ ವಾರಗಳ ಬಿಡುವು ದೊರೆಯುತ್ತದೆ, ಆ ವೇಳೆಗೆ ದೇಹ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಇದು ಶಾಶ್ವತ ಪರಿಹಾರವಲ್ಲ. ಮಧುಮೇಹಿಗಳಲ್ಲಿ ಸಕ್ಕರೆ ಏರುವುದರಿಂದ ಮೊದಲೇ ವೈದ್ಯರಿಗೆ ತಿಳಿಸಬೇಕು.

ಆರರಿಂದ ಹನ್ನೆರಡು ವಾರ ಕಳೆದರೂ ಕಾಲಿನ ನೋವು ನಿದ್ದೆ, ದುಡಿಮೆಗಳನ್ನು ಕಸಿಯುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು ನ್ಯಾಯವಾದುದು. ನೆದರ್ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾದ 283 ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿರ್ಧಾರಕ್ಕೆ ಒಳ್ಳೆಯ ಅಳತೆಗೋಲು. ಬೇಗ ಶಸ್ತ್ರಚಿಕಿತ್ಸೆಗೆ ಒಳಗಾದವರ ನೋವು ಬೇಗ ಇಳಿಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಶೇ. 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲಿ ಶೇ. 39ರಷ್ಟು ಮಂದಿ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು ಎಂಬುದನ್ನೂ ಮರೆಯುವಂತಿಲ್ಲ. ಎಂದರೆ, ತುರ್ತು ಲಕ್ಷಣಗಳಿಲ್ಲದವರು ಶಸ್ತ್ರಚಿಕಿತ್ಸೆಯಿಂದ ಪಡೆಯುವುದು ಮುಖ್ಯವಾಗಿ ಸಮಯವನ್ನು. ಪಗಾರ ಸಹಿತ ರಜೆಯುಳ್ಳ ನೌಕರನಿಗೂ ಮಗ್ಗ ನಿಂತರೆ ಕೂಲಿ ನಿಲ್ಲುವ ನೇಕಾರನಿಗೂ ಆ ಸಮಯದ ಬೆಲೆ ಒಂದೇ ಅಲ್ಲ. ಉತ್ತರ ಬೇರೆ ಬೇರೆಯಾದರೆ ತಪ್ಪೇನೂ ಇಲ್ಲ.

‘ಆಪರೇಷನ್ ಆದರೆ ಕಾಲು ಹೋಗುತ್ತದೆ’ ಎಂಬ ಭಯ ಹಳ್ಳಿ ಪಟ್ಟಣಗಳಲ್ಲೆಲ್ಲ ಇದೆ. ಬೆನ್ನುಹುರಿಯು ಸೊಂಟದ ಮೊದಲೆರಡು ಮಣಿಗಳ ಬಳಿಯೇ ಮುಗಿಯುತ್ತದೆ. ಕೆಳಗಿನ ಡಿಸ್ಕ್‌ಗಳ ಮಟ್ಟದಲ್ಲಿ ಇರುವುದು ನರದ ಬೇರುಗಳು ಮಾತ್ರ. ಪಾರ್ಶ್ವವಾಯುವಿನಂತಹ ಅನಾಹುತ ಅಪರೂಪ. ಸೋಂಕು, ನರದ ಹೊದಿಕೆ ಹರಿಯುವುದು, ಅದೇ ಡಿಸ್ಕ್ ಮತ್ತೆ ಹೊರಚಾಚುವುದು – ಇವು ನಿಜವಾದ ಅಪಾಯಗಳು. ಶಸ್ತ್ರಚಿಕಿತ್ಸೆ ಕಾಲಿನ ನೋವನ್ನು ಚೆನ್ನಾಗಿ ನೀಗಿಸುತ್ತದೆ, ನಡದ ನೋವನ್ನು ಅಷ್ಟಾಗಿ ಅಲ್ಲ. ಸರಳವಾಗಿ ಡಿಸ್ಕ್ ಜಾರಿದವರಿಗೆ ಸಾಮಾನ್ಯವಾಗಿ ಚಾಚಿದ ತುಣುಕನ್ನಷ್ಟೇ ತೆಗೆಯಲಾಗುತ್ತದೆ. ಸ್ಕ್ರೂ, ಸರಳುಗಳನ್ನು ಕೂಡಿಸಬೇಕೆಂದರೆ, ಮೂಳೆ ಸರಿದಿದೆಯೇ, ಏಕೆ ಬೇಕು ಎಂದು ಕೇಳುವ ಹಕ್ಕು ರೋಗಿಗಿದೆ.

ಖರ್ಚಿನ ವಿಷಯದಲ್ಲಿ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ಹೊಲ ಅಡವಿಡುವ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಸೂಚಿಸಲಾದ ಶಸ್ತ್ರಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಬೇಕು. ಹೋಗುವಾಗ ವರದಿಯ ಹಾಳೆಯನ್ನಷ್ಟೇ ಅಲ್ಲ, ಎಂ.ಆರ್.ಐ. ಫಿಲ್ಮ್‌ಗಳನ್ನೂ ಈವರೆಗೆ ನುಂಗಿದ ಮಾತ್ರೆಗಳ ಚೀಟಿಗಳನ್ನೂ ಒಯ್ಯಬೇಕು.